ಬಾಟಲಿ ನೀರು ಮುಚ್ಚಿಟ್ಟದ್ದು ಮೀನಿನ ಹೊಟ್ಟೆಯಲ್ಲುಂಟು!

ಅಳಿವೆಯಲ್ಲಿ ಕಲಿತ ಪರೀಕ್ಷೆ ನಮ್ಮ ಕಾವೇರಿಗೂ ಬರಲಿ

ನಾಪೋಕ್ಲು: ಮೀನು ಕೊಳ್ಳುವುದು ಹೇಗೆ ಅಂತ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಕಾಕಾ, ಮತ್ತಿ ಇವತ್ತಿಂದಾ?" ಅಂತ ಗಿರಾಕಿ ಕೇಳಿದರೆ, "ನೀವೇ ನೋಡಿ ಮಾರಾಯ್ರೆ" ಅಂತ ಒಂದು ಮೀನು ಎತ್ತಿ, ಕಿವಿರು ಬಿಡಿಸಿ ತೋರಿಸುತ್ತಾರೆ. ಕಿವಿರು ಕೆಂಪಗಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಬೀಳಬಾರದು. ಮೂರೂ ಸರಿ ಇದ್ದರೆ ಮೀನು ಚೀಲಕ್ಕೆ, ಇಲ್ಲದಿದ್ದರೆ ಐಸಿಗೆ ವಾಪಸು.

ಈ ಪರೀಕ್ಷೆಯಲ್ಲಿ ಗೊತ್ತಾಗುವುದು ಒಂದೇ ಸಂಗತಿ. ಮೀನು ಸತ್ತು ಎಷ್ಟು ಹೊತ್ತಾಯಿತು ಅನ್ನುವುದು. ಅದು ಬದುಕಿದ್ದಾಗ ಎಂಥ ನೀರಲ್ಲಿತ್ತು, ಏನು ಕುಡಿಯಿತು, ಏನು ತಿಂದಿತು, ಯಾವ ವಿಷದ ಜತೆ ಹೆಣಗಾಡಿತು ಅನ್ನುವುದು ಕಿವಿರಿನ ಕೆಂಪಿನಲ್ಲಿ ಕಾಣೋದಿಲ್ಲ. ಆದರೆ ಅದೂ ಮೀನಿನ ಮೈಯಲ್ಲೇ ಬರೆದಿರುತ್ತದೆ. ಓದಲು ಬರಬೇಕು, ಅಷ್ಟೆ. ಓದುವ ವಿದ್ಯೆಯೂ ಉಂಟು. ಲಿವರಿನಲ್ಲಿ, ಮಿದುಳಿನಲ್ಲಿ, ಒಂದು ಹನಿ ರಕ್ತದಲ್ಲಿ ಸಿಗುವ ಈ ಗುರುತುಗಳಿಗೆ ವಿಜ್ಞಾನಿಗಳು 'ಬಯೋಮಾರ್ಕರ್' ಅನ್ನುತ್ತಾರೆ. ನಾವು 'ಜೀವ ಗುರುತು' ಅನ್ನೋಣ.

ಪ್ರಪಂಚದ ಹಲವು ಕಡೆ ಅಳಿವೆಗಳ ಮಾಲಿನ್ಯ ಹಿಡಿಯಲು ಇದನ್ನು ಬಳಸುತ್ತಾರೆ. ಬೆಟ್ಟದ ಮೇಲಿರುವ ಕೊಡಗಿಗೂ ಸಮುದ್ರದ ಅಳಿವೆಗೂ ಎಂತ ಸಂಬಂಧ ಅಂತ ಕೇಳುತ್ತೀರಾ? ಇದೆ, ಸ್ವಾಮಿ. ಹತ್ತಿರದ ಸಂಬಂಧವೇ ಇದೆ.

ನಮ್ಮ ಮಳೆ ಎಲ್ಲಿಗೆ ಹೋಗುತ್ತದೆ?

ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುವ ಜಾಗವೇ ಅಳಿವೆ. ಮಂಗಳೂರಿಗೆ ಹೋದವರು ನೇತ್ರಾವತಿ, ಗುರುಪುರ ಹೊಳೆಗಳೆರಡೂ ಕೂಡಿ ಕಡಲಿಗೆ ಬೀಳುವ ಅಳಿವೆ ಬಾಗಿಲನ್ನು ನೋಡಿರುತ್ತೀರಿ.

ಈಗ ಕೊಡಗಿನ ನಕ್ಷೆ ಕಣ್ಣ ಮುಂದೆ ತನ್ನಿ. ಪುಷ್ಪಗಿರಿ ಕಡೆ ಬಿದ್ದ ಮಳೆ ಕುಮಾರಧಾರೆಯಾಗಿ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನ ಅಳಿವೆಗೆ ಹೋಗುತ್ತದೆ. ಸಂಪಾಜೆ ಕಡೆಯ ನೀರು ಪಯಸ್ವಿನಿಯಾಗಿ ಸುಳ್ಯ ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಅಂತ ಹೆಸರು ಬದಲಿಸಿ ಕಡಲು ಸೇರುತ್ತದೆ. ದಕ್ಷಿಣ ಕೊಡಗಿನ ಬಾರಪೊಳೆ ಕಣ್ಣೂರಿನ ವಳಪಟ್ಟಣಂ ಅಳಿವೆ ಕಡೆಗೆ. ನಮ್ಮ ನಾಪೋಕ್ಲು ಪಕ್ಕದ ಕಾವೇರಿ ಮಾತ್ರ ಪೂರ್ವಕ್ಕೆ ತಿರುಗಿ, ಸುಮಾರು 800 ಕಿ.ಮೀ. ಹರಿದು, ತಮಿಳುನಾಡಿನ ಪೂಂಪುಹಾರ್‌ನಲ್ಲಿ ಬಂಗಾಳ ಕೊಲ್ಲಿಗೆ.

ಅಂದರೆ ಕೊಡಗಿನಲ್ಲಿ ಚರಂಡಿಗೆ ಬಿಟ್ಟದ್ದು ಎರಡು ಸಮುದ್ರಗಳ ಅಳಿವೆ ಕಡೆಗೆ ಹೊರಡುತ್ತದೆ. ಆ ಅಳಿವೆಗಳ ಹೊರಗೆ ಹಿಡಿದ ಮೀನು ಐಸು ಪೆಟ್ಟಿಗೆಯಲ್ಲಿ ಕೂತು, ಘಾಟಿ ಹತ್ತಿ, ನಮ್ಮ ಮಾರ್ಕೆಟ್ಟಿಗೆ ವಾಪಸು ಬರುತ್ತದೆ. ಮಾಡಿದ್ದುಣ್ಣೋ ಮಹಾರಾಯ!

ಅಳಿವೆಗೆ ಇನ್ನೊಂದು ಗುಣವಿದೆ. ಹರಿದು ಬಂದ ನೀರಿನ ವೇಗ ಅಲ್ಲಿ ತಗ್ಗುತ್ತದೆ. ಉಪ್ಪುನೀರು ತಾಗಿದ ಕೂಡಲೇ ನೀರಿನಲ್ಲಿದ್ದ ನಯವಾದ ಮಣ್ಣು ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತದೆ. ಮಣ್ಣಿಗೆ ಹತ್ತಿಕೊಂಡ ಲೋಹ, ಎಣ್ಣೆ, ಕೀಟನಾಶಕ ಎಲ್ಲವೂ ಅದರ ಜತೆಗೇ ಕೂರುತ್ತವೆ. ಎಷ್ಟೋ ಜಾತಿ ಸಮುದ್ರ ಮೀನುಗಳ ಮರಿ ಬೆಳೆಯುವುದು ಇದೇ ಅಳಿವೆಯ ಕೆಸರಿನ ಮೇಲೆ. ತೊಟ್ಟಿಲೂ ಅದೇ, ತಿಪ್ಪೆಯೂ ಅದೇ.

ಬಾಟಲಿ ಎಲ್ಲಿ ಸೋಲುತ್ತದೆ?

ಹೊಳೆ ಕೆಟ್ಟಿದೆ ಅಂತ ಜನ ದೂರು ಕೊಟ್ಟರೆ ಏನಾಗುತ್ತದೆ? ಅಧಿಕಾರಿ ಬರುತ್ತಾರೆ. ಬಾಟಲಿಯಲ್ಲಿ ನೀರು ತುಂಬಿಸಿ, ಚೀಟಿ ಅಂಟಿಸಿ, ಪರೀಕ್ಷೆಗೆ ಕಳಿಸುತ್ತಾರೆ. ವರದಿ ಬರುತ್ತದೆ. 'ಮಿತಿಯೊಳಗೆ ಇದೆ' ಅಂತ. ಜನ ಗೊಣಗುತ್ತಾರೆ, ಕಡತ ಮುಚ್ಚುತ್ತದೆ.

ಇದರಲ್ಲಿ ಅಧಿಕಾರಿಯದ್ದೇ ತಪ್ಪು ಅನ್ನಲಾಗದು. ಬಾಟಲಿ ಹೇಳುವುದೇ ಅಷ್ಟು. ಬೆಳಿಗ್ಗೆ ಹತ್ತೂವರೆಗೆ ತುಂಬಿಸಿದ ಬಾಟಲಿ, ಬೆಳಿಗ್ಗೆ ಹತ್ತೂವರೆಯ ಕಥೆ ಹೇಳುತ್ತದೆ. ಹಿಂದಿನ ರಾತ್ರಿ ಯಾರೋ ಕೊಳಚೆ ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ನಾಲ್ಕು ಮೈಲಿ ಕೆಳಗೆ ಹೋಗಿದ್ದರೆ ಬಾಟಲಿಗೆ ಹೇಗೆ ಗೊತ್ತಾಗಬೇಕು? ಅಳಿವೆಯಲ್ಲಂತೂ ಇನ್ನೂ ಕಷ್ಟ. ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಭರತದಲ್ಲಿ ತುಂಬಿಸಿದರೆ ಸಮುದ್ರದ ನೀರು, ಇಳಿತದಲ್ಲಿ ತುಂಬಿಸಿದರೆ ಹೊಳೆಯ ನೀರು. ಒಂದೇ ಜಾಗ, ಎರಡು ವರದಿ!

ಅಂಗಡಿಯವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ಬಾಟಲಿ ಅಂದರೆ ಗಲ್ಲಾಪೆಟ್ಟಿಗೆ. ಈ ಗಳಿಗೆ ಬಿಚ್ಚಿದರೆ ಎಷ್ಟು ದುಡ್ಡಿದೆ ಅಂತ ಗೊತ್ತಾಗುತ್ತದೆ. ತಿಂಗಳಲ್ಲಿ ಲಾಭವೋ ನಷ್ಟವೋ ಗೊತ್ತಾಗಬೇಕಾದರೆ ಖಾತೆ ಪುಸ್ತಕ ಬೇಕು. ಹೊಳೆಯ ಖಾತೆ ಪುಸ್ತಕ ಅಂದರೆ ಅಲ್ಲೇ ಹುಟ್ಟಿ, ಅಲ್ಲೇ ತಿಂದು, ರಾತ್ರಿ ಹಗಲು ಅದೇ ನೀರನ್ನು ಕಿವಿರಿನಲ್ಲಿ ಹಾಯಿಸಿಕೊಳ್ಳುವ ಮೀನು. ಅದಕ್ಕೆ ಭಾನುವಾರದ ರಜೆ ಇಲ್ಲ. ರಾತ್ರಿ ಬಿಟ್ಟದ್ದೂ ಅದರ ಲೆಕ್ಕಕ್ಕೆ ಸೇರುತ್ತದೆ.

ಮೈಯಲ್ಲಿ ಬರೆದ ಲೆಕ್ಕ

ಲೆಕ್ಕ ಹೇಗೆ ಬರೆಯುತ್ತದೆ? ಮುಖ್ಯವಾದ ಕೆಲವನ್ನು ನೋಡೋಣ.

ಒಂದನೆಯದು ಲೋಹದ ಗುರುತು. ತಾಮ್ರ, ಸತು, ಕ್ಯಾಡ್ಮಿಯಂ, ಪಾದರಸ ಇಂಥವು ಮೈ ಸೇರಿದರೆ ಮೀನಿನ ಲಿವರು 'ಮೆಟಲೋಥಯೋನಿನ್' ಅನ್ನುವ ಸಣ್ಣ ಪ್ರೋಟೀನನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಕಳ್ಳನ ಕೈಗೆ ಕೋಳ ತೊಡಿಸಿದ ಹಾಗೆ ಇದು ಲೋಹವನ್ನು ಹಿಡಿದು ಕಟ್ಟಿಹಾಕುತ್ತದೆ. 1957ರಲ್ಲಿ ಇದನ್ನು ಮೊದಲು ಕಂಡದ್ದು ಕುದುರೆಯ ಮೂತ್ರಪಿಂಡದಲ್ಲಿ. ಆಮೇಲೆ ಮೀನು, ಚಿಪ್ಪುಮೀನು ಎಲ್ಲದರಲ್ಲೂ ಸಿಕ್ಕಿತು. ಲಿವರಿನಲ್ಲಿ ಕೋಳಗಳ ಸಂಖ್ಯೆ ಜಾಸ್ತಿ ಇದ್ದರೆ ಊರಲ್ಲಿ ಕಳ್ಳರೂ ಜಾಸ್ತಿ ಅಂತ ತಿಳಿಯಬೇಕು.

ಎರಡನೆಯದು ನರದ ಗುರುತು. ನರದಿಂದ ನರಕ್ಕೆ ಸುದ್ದಿ ಮುಟ್ಟಿದ ಮೇಲೆ ಆ ಸುದ್ದಿಯನ್ನು ಒರೆಸಿ ಹಾಕಲು ಮಿದುಳಿನಲ್ಲಿ ಒಂದು ಕಿಣ್ವ ಇದೆ. ಹೆಸರು ಉದ್ದ, ಅಸಿಟೈಲ್ ಕೋಲಿನ್ ಎಸ್ಟರೇಸ್. ಕ್ಲೋರೋಪೈರಿಫಾಸ್‌ನಂಥ ರಂಜಕ ಜಾತಿಯ ಕೀಟನಾಶಕಗಳು ಕೀಟವನ್ನು ಕೊಲ್ಲುವುದೇ ಈ ಕಿಣ್ವವನ್ನು ಕಟ್ಟಿಹಾಕಿ. ಮೀನಿಗೂ ಅದೇ ಗತಿ. ಔಷಧಿ ನೀರಿನಿಂದ ಹೋದ ಮೇಲೂ ಮೀನಿನ ಮಿದುಳಿನಲ್ಲಿ ಈ ಕಿಣ್ವ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಬಾಟಲಿಗೆ ಸಿಗದೆ ಓಡಿಹೋದ ವಿಷ ಮೀನಿನ ತಲೆಯಲ್ಲಿ ಸಹಿ ಹಾಕಿ ಹೋಗಿರುತ್ತದೆ.

ಮೂರನೆಯದು ಎಣ್ಣೆಯ ಗುರುತು. ಡೀಸೆಲ್, ಟಾರು, ಸುಟ್ಟ ಎಣ್ಣೆಯ ವಿಷ ಮೈ ಸೇರಿದಾಗ ಅದನ್ನು ಕರಗಿಸಿ ಹೊರಹಾಕಲು ಲಿವರಿನಲ್ಲಿ ಒಂದು ಕಿಣ್ವ ಜೋರಾಗಿ ಕೆಲಸ ಶುರು ಮಾಡುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿದು ಎಣ್ಣೆ ಚೆಲ್ಲಿತಲ್ಲ, ಅಲ್ಲಿನ ಕಡಲ ಬಾತುಕೋಳಿಗಳ ಲಿವರಿನಲ್ಲಿ ಈ ಗುರುತು ಹತ್ತು ವರ್ಷ ದಾಟಿದ ಮೇಲೂ ಕಂಡಿತ್ತು. ಕಣ್ಣಿಗೆ ಕಡಲು ಶುಭ್ರವಾಗಿತ್ತು. ಲಿವರು ಒಪ್ಪಲಿಲ್ಲ.

ನಾಲ್ಕನೆಯದು ಕೇಳಿದರೆ ನಗು ಬರಬಹುದು. ಆದರೆ ನಗುವ ಸಂಗತಿ ಅಲ್ಲ. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನನ್ನು ಹೆಣ್ಣು ಮೀನಿನ ಲಿವರು ತಯಾರಿಸುತ್ತದೆ. ಗಂಡಿಗೆ ಅದರ ಕೆಲಸವಿಲ್ಲ. ಇಂಗ್ಲೆಂಡಿನಲ್ಲಿ ಪಟ್ಟಣದ ಕೊಳಚೆ ಶುದ್ಧೀಕರಿಸಿ ಹೊಳೆಗೆ ಬಿಡುವ ಜಾಗದಲ್ಲಿ ಗಂಡು ಮೀನುಗಳನ್ನು ಬಲೆಯ ಗೂಡಿನಲ್ಲಿಟ್ಟು ಕೆಲವು ವಾರ ಬಿಟ್ಟು ನೋಡಿದರು. ಗಂಡು ಮೀನಿನ ರಕ್ತದಲ್ಲಿ ಮೊಟ್ಟೆಯ ಪ್ರೋಟೀನು! ಈ ಸಂಗತಿ 1994ರಲ್ಲಿ ಪ್ರಕಟವಾಯಿತು. ಮನುಷ್ಯರ ಮೂತ್ರದ ಮೂಲಕ ಬರುವ ಹೆಣ್ಣು ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಅಂಶ, ಕೆಲವು ರಾಸಾಯನಿಕಗಳು ಇದಕ್ಕೆ ಕಾರಣ ಅಂತ ಗೊತ್ತಾಯಿತು. ನೀರು ತಿಳಿಯಾಗಿಯೇ ಇತ್ತು, ವಾಸನೆಯೂ ಇರಲಿಲ್ಲ.

ಐದನೆಯದು ರಕ್ತದ ಗುರುತು. ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಯಿತು. ಜೀವಕೋಶದಲ್ಲಿ ದೊಡ್ಡ ಬೀಜದ ಪಕ್ಕ ಚೂರು ಬೀಜ ಕಂಡರೆ ವಂಶವಾಹಿಗೇ ಪೆಟ್ಟು ಬಿದ್ದಿದೆ ಅಂತ ಅರ್ಥ. ಇದಕ್ಕೆ ಮೀನನ್ನು ಕೊಲ್ಲಲೇಬೇಕೆಂದಿಲ್ಲ. ರಕ್ತ ತೆಗೆದು ವಾಪಸು ಬಿಡಬಹುದು.

ಸತ್ತ ಮೇಲೆ ಎಣಿಸಿದರೆ ಏನು ಫಲ?

ಮೀನು ಸತ್ತು ತೇಲಿದಾಗ ಎಲ್ಲರಿಗೂ ಗೊತ್ತಾಗುತ್ತದೆ. ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ದೇವರ ಮೀನುಗಳಿಗೆ 1996ರಲ್ಲಿ ವಿಷ ಹಾಕಿ ಕೊಂದಾಗ ಊರೇ ಅತ್ತಿತು. ಅಲ್ಲಿ ಮೀನುಗಳಿಗೆ ಸ್ಮಾರಕವನ್ನೂ ಕಟ್ಟಿದರು. ಆದರೆ ನಿಧಾನ ವಿಷಕ್ಕೆ ಯಾರೂ ಅಳುವುದಿಲ್ಲ. ಅದು ಕಾಣೋದೇ ಇಲ್ಲ.

ಜಪಾನಿನ ಮಿನಮಾಟ ಕೊಲ್ಲಿಯ ಕಥೆ ಕೇಳಿ. ಕಾರ್ಖಾನೆಯೊಂದು ಪಾದರಸವನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಕ್ಕುಗಳು ಮೊದಲು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ಮನುಷ್ಯರ ರೋಗ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆಯ ಪಾದರಸವೇ ಕಾರಣ ಅಂತ ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ. ಹನ್ನೆರಡು ವರ್ಷ! ಅಷ್ಟರಲ್ಲಿ ಎಷ್ಟು ಮಕ್ಕಳು ತಾಯಿಯ ಹೊಟ್ಟೆಯಲ್ಲೇ ಕೆಟ್ಟುಹೋದರು.

ದೂರದ ಜಪಾನು ಯಾಕೆ, ಪಕ್ಕದ ಕಾಸರಗೋಡನ್ನೇ ನೋಡಿ. ಕನ್ನಡ ಮಾತಾಡುವ ಎಣ್ಮಕಜೆ, ಪಡ್ರೆ, ಸ್ವರ್ಗ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು 2000ನೇ ಇಸವಿವರೆಗೂ ನಡೆಯಿತು. ಮೀನಿಗೆ ಮಹಾ ವಿಷವಾದ ಔಷಧಿ ಅದು. ದೇಶದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ನಡುವೆ ಹನ್ನೊಂದು ವರ್ಷ 'ಪುರಾವೆ ಎಲ್ಲಿ' ಅನ್ನುವ ಜಗಳ. ಜೀವ ಗುರುತಿನ ಪರೀಕ್ಷೆಯ ಬೆಲೆ ಇರುವುದು ಇಲ್ಲೇ. ಮನುಷ್ಯ ಹಾಸಿಗೆ ಹಿಡಿಯುವ ಮೊದಲು, ಮೀನು ತೇಲುವ ಮೊದಲು, ಗಂಟೆ ಬಾರಿಸುತ್ತದೆ.

ಕೆ.ಆರ್.ಎಸ್. ಮೀನು ಹೇಳಿದ ಮಾತು

ಇದು ಪರದೇಶದ ವಿದ್ಯೆ, ನಮ್ಮಲ್ಲಿ ಎಲ್ಲಿ ಅಂತ ಕೇಳುವವರಿಗೆ ನಮ್ಮ ಕಾವೇರಿಯದ್ದೇ ಉದಾಹರಣೆ ಉಂಟು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್‌ಥೊಂಬ ಅವರು ಕೆ.ಆರ್.ಎಸ್. ಹಿನ್ನೀರಿನ ಮೀನುಗಳಲ್ಲಿ ಕೆಲವು ಸೊಟ್ಟ ಆಕಾರದಲ್ಲಿರುವುದನ್ನು ಗಮನಿಸಿದರು. ನೀರಿನಲ್ಲೇ ಏನೋ ಇದೆಯಾ ಅಂತ ಅನುಮಾನ ಬಂತು. ಅವರ ತಂಡ ಮೂರು ಕಡೆ ನೀರು ತೆಗೆಯಿತು. ಒಂದು, ಜೋರಾಗಿ ಹರಿಯುವ ನೀರು. ಎರಡು, ನಿಧಾನ ಹರಿಯುವ ನೀರು. ಮೂರು, ನಿಂತ ನೀರು.

ಮೊದಲು ಮಾಮೂಲು ಪರೀಕ್ಷೆ. ಬಹುತೇಕ ಎಲ್ಲ ಅಂಶಗಳೂ ಮಿತಿಯೊಳಗೇ ಇದ್ದವು! ತಪ್ಪಿದ್ದು ಒಂದೇ. ನಿಧಾನ ಹರಿಯುವ ಹಾಗೂ ನಿಂತ ನೀರಿನಲ್ಲಿ ಕರಗಿದ ಆಮ್ಲಜನಕ ಇರಬೇಕಾದ್ದಕ್ಕಿಂತ ತೀರಾ ಕಡಿಮೆ. ಇಷ್ಟಕ್ಕೇ ನಿಲ್ಲಿಸಿದ್ದರೆ 'ಪರವಾಗಿಲ್ಲ' ಅಂತ ಕಡತ ಮುಚ್ಚಬಹುದಿತ್ತು.

ಅವರು ನಿಲ್ಲಿಸಲಿಲ್ಲ. ಜೀಬ್ರಾ ಮೀನು ಅಂತ ಕಿರುಬೆರಳಿಗಿಂತ ಸಣ್ಣ ಪಟ್ಟೆ ಮೀನು ಇದೆ. ಅದರ ಭ್ರೂಣಗಳನ್ನು ಈ ನೀರಿನಲ್ಲಿ ಬೆಳೆಸಿದರು. ನಿಧಾನ ಹರಿಯುವ ನೀರು ಮತ್ತು ನಿಂತ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಮೂಳೆ ಸೊಟ್ಟ, ಹೃದಯಕ್ಕೆ ಹಾನಿ, ವಂಶವಾಹಿಗೆ ಪೆಟ್ಟು, ಜೀವಕೋಶಗಳ ಅಕಾಲ ಸಾವು. ಸತ್ತವುಗಳ ಸಂಖ್ಯೆಯೂ ಹೆಚ್ಚು. ನೀರಿನಲ್ಲಿ ಇನ್ನಷ್ಟು ಹುಡುಕಿದಾಗ ಪ್ಲಾಸ್ಟಿಕ್ಕಿನ ಸೂಕ್ಷ್ಮ ಚೂರುಗಳು, ಸೈಕ್ಲೋಹೆಕ್ಸೈಲ್ ಗುಂಪಿನ ರಾಸಾಯನಿಕ ಸಿಕ್ಕವು. ಈ ವರದಿ ಪ್ರಕಟವಾದದ್ದು 2022ರಲ್ಲಿ.

ಮಾಮೂಲು ಪರೀಕ್ಷೆ 'ಪಾಸ್' ಮಾಡಿದ ನೀರನ್ನು ಮೀನಿನ ಮರಿ 'ಫೇಲ್' ಮಾಡಿತು. ಈ ಕಥೆಯಿಂದ ಓದುಗರು ನೆನಪಿಡಬೇಕಾದ್ದು ಇದಿಷ್ಟೆ. ಕೆ.ಆರ್.ಎಸ್.ನಲ್ಲಿ ಸಿಕ್ಕಿದ್ದೆಲ್ಲ ಕೊಡಗಿನಿಂದಲೇ ಹೋಯಿತು ಅಂತ ಅದರಲ್ಲಿ ಯಾರೂ ಹೇಳಿಲ್ಲ, ನಾವೂ ಹೇಳುತ್ತಿಲ್ಲ. ನಡುವೆ ಎಷ್ಟೋ ಊರು, ಹೇಮಾವತಿ, ಲಕ್ಷ್ಮಣತೀರ್ಥ ಎಲ್ಲ ಸೇರುತ್ತವೆ. ಆದರೆ ಅದೇ ಕಾವೇರಿ ಕೆ.ಆರ್.ಎಸ್. ಮುಟ್ಟುವ ಮೊದಲು ನಮ್ಮ ಮನೆ ಬಾಗಿಲಲ್ಲೇ ಹಾದುಹೋಗಿದೆ.

ನಮ್ಮ ಪಾಲು ಎಷ್ಟು?

ಮಳೆಗಾಲದಲ್ಲಿ ಚೆರಿಯಪರಂಬು ಕಡೆ ರಸ್ತೆ ಮುಳುಗಿಸುವ ಕಾವೇರಿ ಬೇಸಿಗೆಗೆ ಬಂಡೆ ನಡುವೆ ತೋಡಿನಂತೆ ಸಣ್ಣಗಾಗುತ್ತಾಳೆ. ಕಾಫಿ ಹಣ್ಣು ಕೊಯ್ದು ಪಲ್ಪಿಂಗ್ ಮಾಡುವುದೂ ಸರಿಯಾಗಿ ನೀರು ಇಳಿಯುವ ಕಾಲಕ್ಕೇ.

ಹಣ್ಣಿನ ಸಿಪ್ಪೆ ಸುಲಿದು, ಅಂಟು ತೊಳೆದ ನೀರಿನಲ್ಲಿ ಸಕ್ಕರೆ, ಲೋಳೆ ತುಂಬಿರುತ್ತದೆ. ಅದು ಹುಳಿಯೂ ಹೌದು. ಹೊಳೆಗೆ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಮದುವೆ ಊಟ. ಉಂಡು ಉಂಡು ಅವು ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು, ಮನುಷ್ಯ ಸ್ನಾನ ಮಾಡುವ ಹೊಳೆಯಲ್ಲಿ 5 ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಎಷ್ಟು ಕೊಳೆ ಇದೆ ಅಂತ ಅಳೆಯುವ ಬಿ.ಓ.ಡಿ. ಸ್ನಾನದ ಹೊಳೆಯಲ್ಲಿ 3 ದಾಟಬಾರದು. ಪಲ್ಪಿಂಗ್ ನೀರನ್ನು ಶುದ್ಧೀಕರಿಸದೆ ಅಳೆದರೆ ಅದು ಸಾವಿರಗಟ್ಟಲೆಯಲ್ಲಿರುತ್ತದೆ. ತೋಡಿನ ನೀರು ಕಪ್ಪಗಾಗಿ ನಾತ ಹೊಡೆಯುತ್ತದೆ ಅನ್ನುವ ದೂರು ಕೊಡಗಿಗೆ ಹೊಸತೇನೂ ಅಲ್ಲ.

ನ್ಯಾಯವಾಗಿ ಹೇಳಬೇಕು. ಎಲ್ಲ ಬೆಳೆಗಾರರೂ ಹೀಗೆ ಮಾಡುತ್ತಾರೆ ಅಂತಲ್ಲ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡುವವರಿಂದ ಈ ತೊಂದರೆಯೇ ಇಲ್ಲ. ಪಲ್ಪಿಂಗ್ ಮಾಡುವವರಲ್ಲೂ ಗುಂಡಿ ತೆಗೆದು, ಸುಣ್ಣ ಹಾಕಿ, ನೀರನ್ನು ತೋಟದೊಳಗೇ ಇಂಗಿಸುವವರಿದ್ದಾರೆ. ಕಡಿಮೆ ನೀರು ಸಾಕಾಗುವ ಹೊಸ ಯಂತ್ರ ತಂದವರಿದ್ದಾರೆ. ಅಂಥವರಿಗೂ, ರಾತ್ರಿ ತೂಬು ಬಿಚ್ಚುವವನಿಗೂ ಬಾಟಲಿ ಪರೀಕ್ಷೆಯಲ್ಲಿ ಒಂದೇ ಮಾರ್ಕು ಸಿಗುತ್ತದಲ್ಲ, ಅದು ಅನ್ಯಾಯ.

ಎರಡನೆಯದು ಮೈಲುತುತ್ತ. ಕಾಫಿಗೆ, ಮೆಣಸಿಗೆ, ಅಡಿಕೆಗೆ ಬೋರ್ಡೋ ಸಿಂಪಡಿಸದೆ ನಮ್ಮಲ್ಲಿ ಮಳೆಗಾಲ ಶುರುವಾಗುವುದಿಲ್ಲ. ಬೆಳೆ ಉಳಿಯಬೇಕಾದರೆ ಅದು ಬೇಕು, ಒಪ್ಪೋಣ. ಆದರೆ ಅದರಲ್ಲಿರುವುದು ತಾಮ್ರ. ಮನುಷ್ಯನಿಗೆ ಅಷ್ಟೇನೂ ಅಪಾಯ ಮಾಡದಷ್ಟು ತಾಮ್ರವೂ ಮೀನಿನ ಕಿವಿರಿಗೆ ಕಂಟಕ. ಸಿಂಪಡಿಸಿದ ಡ್ರಮ್ಮನ್ನು ತೋಡಿನಲ್ಲೇ ತೊಳೆಯುವ ಅಭ್ಯಾಸ ಇದೆಯಲ್ಲ, ಅದನ್ನು ಬರೆದಿಡುವುದೇ ಮೊದಲು ಹೇಳಿದ ಲೋಹದ ಗುರುತು.

ಮೂರನೆಯದು ಪೇಟೆಯ ಪಾಲು. ಹೋಟೆಲಿನ ತೊಳೆದ ನೀರು, ಗ್ಯಾರೇಜಿನ ಎಣ್ಣೆ, ಪಾಯಿಖಾನೆ ಗುಂಡಿಯ ಸೋರಿಕೆ, ಪ್ಲಾಸ್ಟಿಕ್ಕು. ಭಾಗಮಂಡಲದಿಂದ ಕುಶಾಲನಗರದವರೆಗೆ ಹೊಳೆ ದಂಡೆಯ ಊರುಗಳೆಲ್ಲ ಇದರಲ್ಲಿ ಪಾಲುದಾರರು. ನಾವು ನುಂಗುವ ಮಾತ್ರೆಯೂ ಹೊಳೆ ಸೇರುತ್ತದೆ. ಮದರಾಸಿನ ಐಐಟಿಯವರು ಕಾವೇರಿ ನೀರನ್ನು ಪರೀಕ್ಷಿಸಿ 2021ರಲ್ಲಿ ಕೊಟ್ಟ ವರದಿಯಲ್ಲಿ ನೋವಿನ ಮಾತ್ರೆಯ ಐಬುಪ್ರೊಫೆನ್, ಡೈಕ್ಲೊಫೆನಾಕ್, ರಕ್ತದೊತ್ತಡದ ಅಟೆನೊಲಾಲ್, ಸಿಪ್ರೊಫ್ಲಾಕ್ಸಸಿನ್ ಎಲ್ಲ ಇದ್ದವು. ಕೆಫೀನೂ ಇತ್ತು! ಕಾಫಿ ನಾಡಿನವರು ನಗಬೇಡಿ. ಹೊಳೆಯಲ್ಲಿ ಕೆಫೀನು ಸಿಕ್ಕರೆ ಮನುಷ್ಯರ ಕೊಳಚೆ ಸೇರುತ್ತಿದೆ ಅಂತ ವಿಜ್ಞಾನಿಗಳು ಅರ್ಥ ಮಾಡುತ್ತಾರೆ.

ಹಾಗಾದರೆ ಮೀನು ತಿನ್ನಬಹುದೋ ಬೇಡವೋ?

ಇಷ್ಟು ಓದಿದ ಮೇಲೆ ಬಸ್ಸಿನಲ್ಲಿ ಕೂತವರ ಕೈಚೀಲದಲ್ಲಿರುವ ಬಂಗುಡೆ ಬಗ್ಗೆ ಅನುಮಾನ ಬರಬಹುದು. ಬೇಡ. ಮೀನಿನ ಲಿವರಿನಲ್ಲಿ ಒಂದು ಗುರುತು ಸಿಕ್ಕಿತು ಅಂದ ಮಾತ್ರಕ್ಕೆ ಆ ಮೀನು ತಿನ್ನಬಾರದು ಅಂತ ಅಲ್ಲ. ಅದು ನೀರಿನ ಆರೋಗ್ಯದ ಪರೀಕ್ಷೆ. ತಿನ್ನುವ ಮಾಂಸದಲ್ಲಿ ಪಾದರಸ, ಸೀಸ ಎಷ್ಟಿದೆ ಅನ್ನುವುದು ಬೇರೆ ಪರೀಕ್ಷೆ. ಎರಡನ್ನೂ ಬೆರೆಸಿ ಗಾಬರಿ ಹಬ್ಬಿಸಿದರೆ ಪಾಪ ಮೀನು ಮಾರುವವನ ಹೊಟ್ಟೆಗೆ ಕಲ್ಲು. ಆದರೂ ಲೋಹ, ಎಣ್ಣೆಯ ಅಂಶ ಹೆಚ್ಚು ಸೇರುವುದು ಲಿವರು, ಕರುಳಿನಲ್ಲಿ. ಹೊಟ್ಟೆಯ ಭಾಗ ತೆಗೆದು, ಚೆನ್ನಾಗಿ ತೊಳೆದು ಸಾರು ಮಾಡುವ ನಮ್ಮ ಮನೆಯ ಹೆಂಗಸರ ಕ್ರಮವೇ ಒಳ್ಳೆಯದು.

ಈ ಪರೀಕ್ಷೆಗೂ ಮಿತಿ ಇದೆ. ಮೀನು 'ಯಾರೋ ಹೊಡೆದರು' ಅಂತ ಹೇಳೀತು. 'ಇಂಥವರೇ ಹೊಡೆದರು' ಅಂತ ಹೆಸರು ಹೇಳಲಾರದು. ಮೊಟ್ಟೆ ಇಡುವ ಕಾಲದಲ್ಲಿ, ನೀರು ಬಿಸಿಯಾದಾಗ, ಹಸಿದಾಗ ಮೀನಿನ ಮೈ ತಾನಾಗಿಯೂ ಬದಲಾಗುತ್ತದೆ. ಆದ್ದರಿಂದ ಒಂದೇ ಜಾತಿ, ಒಂದೇ ಗಾತ್ರ, ಒಂದೇ ತಿಂಗಳ ಮೀನುಗಳನ್ನೇ ಹೋಲಿಸಬೇಕು. ಒಂದು ಗುರುತು ಸಾಲದು, ಮೂರು ನಾಲ್ಕು ಒಟ್ಟಿಗೆ ನೋಡಬೇಕು. ಮುಖ್ಯವಾಗಿ, ಹೋಲಿಸಲು ಶುಭ್ರ ನೀರಿನ ಮೀನು ಬೇಕು. ಅಳಿವೆಯಲ್ಲಿ ಕೆಲಸ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಎಲ್ಲ ನೀರೂ ಬೆರೆತ ಮೇಲೆ ಶುಭ್ರ ನೀರನ್ನು ಎಲ್ಲಿ ಹುಡುಕುವುದು?

ನಮ್ಮ ಅದೃಷ್ಟ ಇಲ್ಲಿದೆ ನೋಡಿ. ನಮಗೆ ನದಿಯ ಬುಡವೇ ಕೈಯಳತೆಯಲ್ಲಿದೆ. ಭಾಗಮಂಡಲದ ಮೇಲಿನ ಕಾಡಿನ ತೊರೆಯಲ್ಲಿ ಒಂದು ಗೂಡು ಮೀನು. ನಾಪೋಕ್ಲು ಕೆಳಗೆ ಒಂದು ಗೂಡು. ಕುಶಾಲನಗರ ದಾಟಿ ಒಂದು ಗೂಡು. ಇಂಗ್ಲೆಂಡಿನವರು ಮಾಡಿದಂತೆ ಮೂರು ವಾರ ಇಟ್ಟು, ರಕ್ತ ಮತ್ತು ಲಿವರು ನೋಡಿದರೆ ಸಾಕು. ಪಲ್ಪಿಂಗಿಗೆ ಮೊದಲು ಒಮ್ಮೆ, ಪಲ್ಪಿಂಗ್ ನಡೆಯುವಾಗ ಒಮ್ಮೆ, ಬೋರ್ಡೋ ಹೊಡೆದು ಮೊದಲ ಮಳೆ ಬಿದ್ದ ಮೇಲೆ ಒಮ್ಮೆ. ಯಾವ ಊರು ದಾಟಿದ ಮೇಲೆ, ಯಾವ ತಿಂಗಳಲ್ಲಿ ಮೀನು ಸೋತಿತು ಅಂತ ಗೊತ್ತಾದರೆ, ಎಲ್ಲಿ ಹುಡುಕಬೇಕು ಅಂತ ಅಧಿಕಾರಿಗೂ ಗೊತ್ತಾಗುತ್ತದೆ.

ಇದಕ್ಕೆ ಹೊಳೆಯ ಮಹಸೀರ್ ಮೀನನ್ನು ಮುಟ್ಟುವುದು ಬೇಡ. ಕಾವೇರಿಯ ಗೂನು ಬೆನ್ನಿನ ಮಹಸೀರ್ ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲೇ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಸಾಕಣೆಯ ಸಾಮಾನ್ಯ ಮೀನೇ ಸಾಕು. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರ ಇದೆ. ಘಾಟಿ ಇಳಿದರೆ 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ. ಕಲಿತವರಿದ್ದಾರೆ, ಮೀನಿದೆ, ಹೊಳೆ ಇದೆ. ಇಲ್ಲದಿರುವುದು ಕೇಳುವವರು.

ಕೇಳಬೇಕಾದವರು ನಾವೇ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಗುಂಡಿ, ಬೀದಿ ದೀಪದ ಜತೆಗೆ ಒಂದು ಸಾಲು ಸೇರಿಸಿ: ಕಾವೇರಿ ನೀರಿನ ವರದಿ ತರುವಾಗ ಮೀನಿನ ವರದಿಯನ್ನೂ ತನ್ನಿ. ಪಂಚಾಯಿತಿ ಒಂದು ನಿರ್ಣಯ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೂ, ಮೀನುಗಾರಿಕೆ ಇಲಾಖೆಗೂ ಕಳಿಸಲು ಖರ್ಚು ಒಂದು ಹಾಳೆ ಕಾಗದದ್ದು. ಅಂಗಡಿಯವರು ಅಷ್ಟರಲ್ಲಿ ಗ್ಯಾರೇಜಿನ ಎಣ್ಣೆ, ಔಷಧಿ ಡಬ್ಬ ಚರಂಡಿಗೆ ಬೀಳದಂತೆ ನೋಡಿಕೊಳ್ಳಲಿ. ತೋಟದವರು ಸಿಂಪಡಿಸಿದ ಡ್ರಮ್ಮನ್ನು ತೋಟದೊಳಗೇ ತೊಳೆಯಲಿ.

ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಕೈಮುಗಿದು ತೀರ್ಥ ತರುತ್ತೇವೆ. ಅದೇ ನೀರು ಬೆಂಗಳೂರಿನ ನಲ್ಲಿಯಲ್ಲೂ ಬರುತ್ತದೆ, ಪೂಂಪುಹಾರಿನ ಅಳಿವೆಯಲ್ಲಿ ಮೀನಿನ ಮರಿಯ ಕಿವಿರಿನಲ್ಲೂ ಹಾಯುತ್ತದೆ. ಕೆಳಗಿನವರು ದೂರು ಹೇಳಿಕೊಂಡು ಬರುವ ಮೊದಲು ನಮ್ಮ ಲೆಕ್ಕ ನಾವೇ ತೆಗೆದು ನೋಡುವುದು ಮರ್ಯಾದೆ. ಅಲ್ಲವೇ?